ಚಿಟ್ಟೆಗಳ ಬಾಳನ್ನು ಬರೆದಿಟ್ಟ ಬೆಲ್ ಮಹಾಶಯರು

ದರ್ಶನಗ್ರಂಥಗಳಲ್ಲಿ ಭ್ರಮರಕೀಟನ್ಯಾಯವೆಂಬ ದೃಷ್ಟಾಂತವೊಂದು ಪ್ರಸಿದ್ಧವಾಗಿದೆ. ಭ್ರಮರವು ಒಂದು ಹುಳುವನ್ನು ಹಿಡಿದುತಂದು ಮಣ್ಣಿನ ಗೂಡಿನಲ್ಲಿರಿಸಿ ಸುತ್ತಲೂ ಝೇಂಕರಿಸುತ್ತಿರಲು, ಆ ಹುಳು ಭಯದಿಂದ ಭ್ರಮರವನ್ನೇ ಎಡೆಬಿಡದೆ ಧ್ಯಾನಿಸಿ ಕಡೆಗೆ ತಾನೂ ಭ್ರಮರವೇ ಆಗಿಬಿಡುವುದೆಂಬುದು ಅದರ ತಾತ್ಪರ್ಯ. ಧ್ಯಾನಿಸುವವನು ಧ್ಯೇಯವೇ ಆಗುವುದನ್ನು ತಿಳಿಸಲು ಇದಕ್ಕಿಂತ ಸೊಗಸಾದ ಉಪಮಾನ ದೊರೆಯುವುದು ಕಷ್ಟ. ಆದರೆ ಉಪಮಾನದ ಸೊಗಸು ಬೇರೆ, ಗೂಡಿನೊಳಗೆ ನಡೆಯುವ ಸಂಗತಿ ಬೇರೆ. ಆ ಮಣ್ಣಿನ ಗೂಡನ್ನು ಬಿಚ್ಚಿ ದಿನದಿನವೂ ಕಾದು ನೋಡಿದವರಿಗೆ ಕಂಡುದು ಇಷ್ಟು: ಕಡಜವು ಹುಳುವನ್ನು ಕುಟುಕಿ ಜಡಗೊಳಿಸಿ ತನ್ನ ಮೊಟ್ಟೆಯ ಬಳಿ ಇರಿಸುತ್ತದೆ, ಮೊಟ್ಟೆಯೊಡೆದು ಬಂದ ಕಡಜದ ಮರಿ ಆ ಹುಳುವನ್ನು ತಿಂದು ಬೆಳೆದು ರೆಕ್ಕೆ ಪಡೆದು ಹೊರಬರುತ್ತದೆ. ಶಾಸ್ತ್ರಕಾರರು ಹುಳುವಿನ ಚರಿತ್ರೆಯನ್ನು ಹೇಳಹೊರಟವರಲ್ಲವಾದುದರಿಂದ ಅವರಲ್ಲಿ ದೋಷವೆಣಿಸುವುದು ಸಲ್ಲದು. ಹುಳುವಿನ ಚರಿತ್ರೆಯನ್ನೇ ಹೇಳಬೇಕೆಂದು ಹೊರಟು, ಅದಕ್ಕಾಗಿ ತಮ್ಮ ಬಾಳಿನ ಬಹುಭಾಗವನ್ನು ಕನ್ನಡ ಕರಾವಳಿಯ ಕಾಡುಗಳಲ್ಲಿ ಸವೆಸಿದ ಮಹನೀಯರೊಬ್ಬರಿದ್ದರು. ಅವರೇ ಥಾಮಸ್ ರೀಡ್ ಡೇವಿಸ್ ಬೆಲ್. ಕೀಟಶಾಸ್ತ್ರಜ್ಞರ ವಲಯದಲ್ಲಿ ಅವರ ಹೆಸರು ಇಂದಿಗೂ ಮನೆಮಾತು. ಅವರು ನೆಲೆಸಿದ್ದ ಕನ್ನಡ ನಾಡಿನಲ್ಲಿ ಮಾತ್ರ ಅದು ಕೇಳಿಬರುವುದು ಅಪರೂಪ.

ಬೆಲ್ ಅವರು ಜನಿಸಿದುದು ಐರ್ಲೆಂಡ್ ದೇಶದ ಕಾರ್ಕ್ ಪ್ರಾಂತದ ಬ್ಯಾಂಡನ್ ಎಂಬ ಊರಿನಲ್ಲಿ, 1863ನೆಯ ಇಸವಿ ಮೇ 2ರಂದು. ಅದರ ಹಿಂದಿನ ವರ್ಷವಷ್ಟೇ, ಎಂದರೆ 1862ರಲ್ಲಿ, ಉತ್ತರ ಕನ್ನಡ ಜಿಲ್ಲೆಯನ್ನು ಮದರಾಸು ಆಧಿಪತ್ಯದಿಂದ ಬೇರ್ಪಡಿಸಿ ಮುಂಬಯಿ ಆಧಿಪತ್ಯಕ್ಕೆ ಸೇರಿಸಲಾಗಿತ್ತು. ಈ ಎರಡು ಸಂಗತಿಗಳಿಗೂ ಆಗ ಯಾವ ಸಂಬಂಧವೂ ಇರಲಿಲ್ಲ. ಆದರೆ ಮುಂಬಯಿ ಸರಕಾರದ ಅರಣ್ಯ ಇಲಾಖೆಯನ್ನು ಸೇರಿ 1880ರ ದಶಕದಲ್ಲಿ ಭರತಖಂಡಕ್ಕೆ ಬಂದ ಈ ತರುಣನನ್ನು ಕಾಲಕ್ರಮದಲ್ಲಿ ಕಾರವಾರಕ್ಕೆ ತಂದು ನಿಲ್ಲಿಸಿದುದು ಆ ಏರ್ಪಾಡೇ. ಒಂದು ಕಡೆ ಕಡಲು, ಇನ್ನೊಂದು ಕಡೆ ಸಹ್ಯಾದ್ರಿಯ ಗೋಡೆ, ನಡುವೆ ಕಾಳೀ ನದಿಯ ಅಗಲವಾದ ಅಳಿವೆ. ಕಡಲ ತೀರದಿಂದ ಒಂದು ದಿನದ ಪಯಣದೊಳಗೆ ನಿತ್ಯಹಸುರಿನ ದಟ್ಟ ಕಾಡನ್ನೂ, ಘಟ್ಟವೇರಿದರೆ ತೇಗದ ಮತ್ತು ಬಿದಿರಿನ ವನಗಳನ್ನೂ ಕಾಣಬಹುದಾದ ನೆಲ ಅದು. ಗಿಡಮರಗಳ ಬಗೆ ಹೆಚ್ಚಿದಷ್ಟೂ ಅವನ್ನು ಉಂಡು ಬದುಕುವ ಕೀಟಗಳ ಬಗೆಯೂ ಹೆಚ್ಚು.

ಆ ಕಾಲಕ್ಕೆ ಭಾರತದ ಚಿಟ್ಟೆಗಳ ಬಗೆಗಿದ್ದ ತಿಳಿವಳಿಕೆ ಎಂತಹುದೆಂಬುದನ್ನು ಇಲ್ಲಿ ಹೇಳಬೇಕು. ಸಂಗ್ರಾಹಕರು ಬಲೆಯಿಂದ ಚಿಟ್ಟೆಗಳನ್ನು ಹಿಡಿದು, ಸೂಜಿ ಚುಚ್ಚಿ ಒಣಗಿಸಿ ಲಂಡನ್ನಿಗೆ ಕಳುಹಿಸುತ್ತಿದ್ದರು. ಅಲ್ಲಿನ ಪಂಡಿತರು ರೆಕ್ಕೆಯ ಬಣ್ಣವನ್ನೂ ಚುಕ್ಕೆಗಳನ್ನೂ ನೋಡಿ ಹೆಸರಿಡುತ್ತಿದ್ದರು. ಸತ್ತ ಚಿಟ್ಟೆಯ ವಿದ್ಯೆ ಬಹಳ ಮುಂದುವರಿದಿತ್ತು. ಬದುಕಿದ್ದ ಚಿಟ್ಟೆ ಎಲ್ಲಿ ಮೊಟ್ಟೆಯಿಡುವುದು, ಅದರ ಮರಿಹುಳು ಯಾವ ಎಲೆಯನ್ನು ತಿನ್ನುವುದು, ಕೋಶವನ್ನು ಹೇಗೆ ಕಟ್ಟುವುದು ಎಂದು ಕೇಳಿದರೆ ಬಹುಪಾಲು ಜಾತಿಗಳ ವಿಷಯದಲ್ಲಿ ಉತ್ತರವೇ ಇರಲಿಲ್ಲ. ಇದರ ಪರಿಣಾಮವಾಗಿ ದೊಡ್ಡವರೂ ಎಡವಿದ್ದರು. ಗದ್ದೆಯ ಬದುಗಳಲ್ಲಿ ಹಾರಾಡುವ, ನವಿಲುಗಣ್ಣಿನ ಗುರುತುಳ್ಳ ಕಿತ್ತಳೆ ಬಣ್ಣದ ಚಿಟ್ಟೆಯೊಂದಿದೆ. ಮಳೆಗಾಲದಲ್ಲಿ ಹುಟ್ಟಿದ ಅದರ ರೆಕ್ಕೆಯ ಅಡಿಭಾಗದಲ್ಲಿ ಕಣ್ಣುಗಳು ಎದ್ದುಕಾಣುತ್ತವೆ. ಬೇಸಗೆಯಲ್ಲಿ ಹುಟ್ಟಿದುದರ ಅಡಿಭಾಗ ಒಣಗಿದ ತರಗೆಲೆಯಂತಿರುತ್ತದೆ. ಸ್ವೀಡನ್ನಿನ ಮಹಾಪಂಡಿತ ಲಿನ್ನೇಯಸ್ 1758ರಲ್ಲಿ ಈ ಎರಡು ರೂಪಗಳನ್ನು ಎರಡು ಬೇರೆ ಜಾತಿಗಳೆಂದು ಎಣಿಸಿ ಎರಡು ಹೆಸರು ಕೊಟ್ಟಿದ್ದನು. ಕರಿಬೇವಿನ ಗಿಡಕ್ಕೆ ಬರುವ ಕಪ್ಪು ಚಿಟ್ಟೆಯ ಹೆಣ್ಣುಗಳಲ್ಲಿಯಂತೂ ಮೂರು ರೂಪಗಳಿವೆ. ಒಂದು ಗಂಡನ್ನೇ ಹೋಲಿದರೆ ಉಳಿದೆರಡು, ಹಕ್ಕಿಗಳು ತಿನ್ನಲೊಲ್ಲದ ಬೇರೆ ಚಿಟ್ಟೆಗಳ ವೇಷ ಧರಿಸಿರುತ್ತವೆ. ಒಂದೇ ತಾಯಿಯ ಮೊಟ್ಟೆಗಳನ್ನು ಸಾಕಿ, ಯಾವುದರಿಂದ ಯಾವುದು ಬಂದಿತೆಂದು ನೋಡಿದ ಹೊರತು ಇಂತಹ ಗಂಟುಗಳು ಬಿಚ್ಚವು. ಮೊಟ್ಟೆಯಿಂದ ಸಾಕಿ ನೋಡುವ ಈ ಮಾರ್ಗ ಯೂರೋಪಿನಲ್ಲಿ ಹೊಸದಾಗಿರಲಿಲ್ಲ. ಹದಿಮೂರನೆಯ ವಯಸ್ಸಿನಲ್ಲಿ ರೇಷ್ಮೆಹುಳುಗಳನ್ನು ಸಾಕಿ ನೋಡಲಾರಂಭಿಸಿದ ಮಾರಿಯಾ ಸಿಬಿಲ್ಲಾ ಮೇರಿಯನ್ ಎಂಬ ಜರ್ಮನ್ ಮಹಿಳೆ 1705ರಲ್ಲಿಯೇ ದಕ್ಷಿಣ ಅಮೆರಿಕದ ಸುರಿನಾಮಿನ ಕೀಟಗಳ ರೂಪಾಂತರವನ್ನು ಚಿತ್ರಸಹಿತ ಪ್ರಕಟಿಸಿದ್ದಳು. ಭಾರತದಲ್ಲಿ ಮಾತ್ರ ಈ ಕಾರ್ಯವನ್ನು ದೊಡ್ಡ ಪ್ರಮಾಣದಲ್ಲಿ ಕೈಗೊಳ್ಳುವವರು ಬರಬೇಕಾಗಿತ್ತು.

ಅವರು ಬಂದುದು ಕಾರವಾರದಲ್ಲಿ, ಒಬ್ಬರಾಗಿ ಅಲ್ಲ, ಮೂವರಾಗಿ. ಮೊದಲನೆಯವರು ಎಡ್ವರ್ಡ್ ಹ್ಯಾಮಿಲ್ಟನ್ ಐಟ್ಕೆನ್. 1851ರಲ್ಲಿ ಸಾತಾರೆಯಲ್ಲಿ ಹುಟ್ಟಿದ ಈತ ಉಪ್ಪು ಮತ್ತು ಸುಂಕದ ಇಲಾಖೆಯ ಅಧಿಕಾರಿ. ವಿನೋದಪೂರ್ಣವಾದ ಗದ್ಯವನ್ನು ಬರೆಯುವುದರಲ್ಲಿ ನಿಷ್ಣಾತರು. 1883ರ ಸೆಪ್ಟೆಂಬರ್ 15ರಂದು ಎಂಟು ಮಂದಿ ಕೂಡಿ ಮುಂಬಯಿಯಲ್ಲಿ ಪ್ರಕೃತಿಚರಿತ್ರೆಯ ಸಂಘವನ್ನು ಸ್ಥಾಪಿಸಿದಾಗ ಅವರಲ್ಲಿ ಇವರೂ ಒಬ್ಬರಾಗಿದ್ದರು. ಆ ಎಂಟರಲ್ಲಿ ಡಾಕ್ಟರ್ ಆತ್ಮಾರಾಮ ಪಾಂಡುರಂಗ ಮತ್ತು ಡಾಕ್ಟರ್ ಸಖಾರಾಮ ಅರ್ಜುನ ಎಂಬ ಇಬ್ಬರು ಭಾರತೀಯರಿದ್ದುದು ಸ್ಮರಣೀಯ. ಎರಡನೆಯವರು ಜಿಲ್ಲೆಯ ಕಲೆಕ್ಟರಾಗಿದ್ದ ಜೇಮ್ಸ್ ಡೇವಿಡ್‌ಸನ್. ಇವರ ಮುಖ್ಯ ಆಸಕ್ತಿ ಹಕ್ಕಿಗಳು. ಮೂರನೆಯವರೇ ಅರಣ್ಯಾಧಿಕಾರಿ ಬೆಲ್, ಮೂವರಲ್ಲಿಯೂ ಕಿರಿಯರು. ಉಪ್ಪಿನ ಅಧಿಕಾರಿ, ಕಂದಾಯದ ಅಧಿಕಾರಿ, ಕಾಡಿನ ಅಧಿಕಾರಿ ಕಂಬಳಿಹುಳುವಿನ ಹಿಂದೆ ಬಿದ್ದ ಈ ದೃಶ್ಯ ಕಾರವಾರದ ಜನರಿಗೆ ಸೋಜಿಗವಾಗಿಯೇ ಕಂಡಿರಬೇಕು. 1890ರಲ್ಲಿ ಸಂಘದ ಪತ್ರಿಕೆಯಲ್ಲಿ ಮುಂಬಯಿ ಆಧಿಪತ್ಯದ ಕೆಲವು ಚಿಟ್ಟೆಗಳ ಮರಿಹುಳು ಮತ್ತು ಕೋಶಗಳನ್ನು ಕುರಿತ ಲೇಖನ ಪ್ರಕಟವಾದಾಗ ಅದರ ಶಿರೋನಾಮೆಯಲ್ಲಿದ್ದುದು ಡೇವಿಡ್‌ಸನ್ ಮತ್ತು ಐಟ್ಕೆನ್ ಇವರಿಬ್ಬರ ಹೆಸರು ಮಾತ್ರ. ಉತ್ತರ ಕನ್ನಡ ಜಿಲ್ಲೆಯ ಚಿಟ್ಟೆಗಳೆಂಬ ದೊಡ್ಡ ಲೇಖನಮಾಲೆ 1896 ಮತ್ತು 1897ರಲ್ಲಿ ಹೊರಬಂದಾಗ ಇಬ್ಬರ ನಡುವೆ ಬೆಲ್ ಅವರ ಹೆಸರು ಸೇರಿತ್ತು.

ಇವರು ಹಿಡಿದ ಮಾರ್ಗ ನೋಡಲು ಬಹು ಸುಲಭ, ನಡೆಸಲು ಬಹು ಕಠಿಣ. ಹೆಣ್ಣುಚಿಟ್ಟೆಯೊಂದು ಗಿಡದಿಂದ ಗಿಡಕ್ಕೆ ಹಾರಿ, ಎಲೆಯನ್ನು ಮುಂಗಾಲುಗಳಿಂದ ಮುಟ್ಟಿ ಪರೀಕ್ಷಿಸಿ, ತಕ್ಕುದೆಂದು ತೋರಿದಲ್ಲಿ ಮಾತ್ರ ಸಾಸಿವೆಗಿಂತ ಸಣ್ಣದಾದ ಮೊಟ್ಟೆಯನ್ನು ಅಂಟಿಸುತ್ತದೆ. ಅದು ಎಲ್ಲಿ ಕುಳಿತಿತೆಂಬುದನ್ನು ಕಣ್ಣಿಟ್ಟು ನೋಡಿ ಎಲೆಸಹಿತ ಮೊಟ್ಟೆಯನ್ನು ಮನೆಗೆ ತರಬೇಕು. ಮೊಟ್ಟೆಯೊಡೆದ ಹುಳು ಮೊದಲು ತಾನು ಹೊರಬಂದ ಚಿಪ್ಪನ್ನೇ ತಿನ್ನುವುದುಂಟು. ಅನಂತರ ಅದಕ್ಕೆ ಬೇಕಾದುದು ಅದೇ ಜಾತಿಯ ಗಿಡದ ಎಲೆ, ಅದೂ ದಿನವೂ ಹೊಸದು. ಬೇರೆ ಎಲೆಯನ್ನು ಕೊಟ್ಟರೆ ಉಪವಾಸವಿದ್ದು ಸಾಯುವುದೇ ಹೊರತು ಬಾಯಿ ಹಚ್ಚದು. ಎಲೆ ಬಾಡಿದರೆ ಕೆಟ್ಟಿತು, ಡಬ್ಬಿಯಲ್ಲಿ ತೇವ ನಿಂತರೆ ಬೂಷ್ಟು ಬಂದಿತು, ಇರುವೆ ನುಗ್ಗಿದರೆ ಎಲ್ಲವೂ ಮುಗಿಯಿತು. ಮೈಸೂರು ಸೀಮೆಯಲ್ಲಿ ರೇಷ್ಮೆ ಸಾಕಿದ ಮನೆಯವರಿಗೆ ಈ ಕಷ್ಟ ಚೆನ್ನಾಗಿ ಗೊತ್ತು. ಹುಳು ಪೊರೆ ಬಿಡುವ ಮುನ್ನ ಮೇವು ಬಿಟ್ಟು ಮಂಕಾಗಿ ಕೂಡುವುದನ್ನು ಅವರು ಜ್ವರವೆನ್ನುತ್ತಾರೆ. ಗೂಡು ಕಟ್ಟುವ ಹದಕ್ಕೆ ಬಂದರೆ ಹುಳು ಹಣ್ಣಾಯಿತೆನ್ನುತ್ತಾರೆ. ಚಿಟ್ಟೆಯ ಮರಿಹುಳುವಿಗೂ ಸಾಮಾನ್ಯವಾಗಿ ನಾಲ್ಕು ಜ್ವರ, ಐದು ಹಂತ. ಒಂದೊಂದು ಹಂತದಲ್ಲಿಯೂ ಬಣ್ಣ, ಮುಳ್ಳು, ರೋಮ, ಗೆರೆ ಬದಲಾಗುವುದರಿಂದ ಐದು ಬಾರಿಯೂ ಹೊಸದಾಗಿ ವರ್ಣಿಸಬೇಕು. ರೇಷ್ಮೆ ಸಾಕುವವರಿಗೆ ಒಂದೇ ಹುಳು, ಒಂದೇ ಹಿಪ್ಪುನೇರಳೆ ಸೊಪ್ಪು. ಕಾರವಾರದ ಮೂವರಿಗೆ ನೂರಾರು ಹುಳು, ನೂರಾರು ಸೊಪ್ಪು. ಯಾವ ಹುಳುವಿಗೆ ಯಾವ ಸೊಪ್ಪೆಂಬುದು ಯಾರಿಗೂ ತಿಳಿಯದು. ಆದುದರಿಂದ ಕೀಟಶಾಸ್ತ್ರಕ್ಕೆ ಕಾಲಿಟ್ಟ ಬೆಲ್ ಅವರು ಸಸ್ಯಶಾಸ್ತ್ರವನ್ನೂ ಕಲಿಯಲೇಬೇಕಾಯಿತು. ಕಾಡಿನ ಮರಗಳನ್ನು ಬಲ್ಲ ಅರಣ್ಯಾಧಿಕಾರಿಗೆ ಇಲ್ಲಿ ಉಳಿದವರಿಗಿಲ್ಲದ ಅನುಕೂಲವಿತ್ತು.

ಬೆಟ್ಟದಪುರದ ಯಾವುದೇ ಹಿತ್ತಿಲಿನ ನಿಂಬೆಗಿಡದಲ್ಲಿ ಕಾಣಸಿಗುವ ಉದಾಹರಣೆಯನ್ನೇ ನೋಡೋಣ. ಕಪ್ಪು ಮತ್ತು ನಸುಹಳದಿಯ ಚಿತ್ತಾರವುಳ್ಳ ನಿಂಬೆಚಿಟ್ಟೆ ಚಿಗುರೆಲೆಯ ಮೇಲೆ ಒಂದೊಂದೇ ಹಳದಿ ಮೊಟ್ಟೆಯನ್ನಿಡುತ್ತದೆ. ನಿಂಬೆಯಷ್ಟೇ ಅಲ್ಲ, ಬಿಲ್ವಪತ್ರೆಯೂ ಅದಕ್ಕೆ ಮೇವು. 3-4 ದಿನಗಳಲ್ಲಿ ಹೊರಬಂದ ಹುಳು ಕಂದುಬಣ್ಣದ ಮೇಲೆ ಬಿಳಿಯ ಮಚ್ಚೆಯುಳ್ಳದ್ದಾಗಿ, ಎಲೆಯ ಮೇಲೆ ಬಿದ್ದ ಹಕ್ಕಿಯ ಹಿಕ್ಕೆಯಂತೆಯೇ ತೋರುತ್ತದೆ. ದೊಡ್ಡದಾದ ಮೇಲೆ ಆ ವೇಷ ಸಾಲದು. ಅಷ್ಟು ದೊಡ್ಡ ಹಿಕ್ಕೆಯನ್ನು ಯಾವ ಹಕ್ಕಿ ನಂಬೀತು? ಕಡೆಯ ಪೊರೆ ಕಳಚಿದಾಗ ಎಲೆಯಷ್ಟೇ ಹಸುರಾಗುತ್ತದೆ. ಕೆಣಕಿದರೆ ತಲೆಯ ಹಿಂದಿನಿಂದ ಕವಲೊಡೆದ ಕೊಂಬಿನಂತಹ ಅಂಗವನ್ನು ಹೊರಚಾಚಿ ಘಾಟುವಾಸನೆ ಬಿಡುತ್ತದೆ. ಸುಮಾರು ಎರಡು ವಾರ ತಿಂದು ಹಣ್ಣಾದ ಮೇಲೆ ಕಡ್ಡಿಯೊಂದನ್ನು ಆರಿಸಿ, ಬಾಲದ ತುದಿಯನ್ನು ನೂಲಿನ ಮೆತ್ತೆಗೆ ಸಿಕ್ಕಿಸಿ, ಸೊಂಟಕ್ಕೊಂದು ನೂಲಿನ ಪಟ್ಟಿ ಬಿಗಿದು, ತೆಂಗಿನಮರವೇರುವವನು ಹಗ್ಗಕ್ಕೆ ಒರಗಿದಂತೆ ಒರಗಿ ನಿಲ್ಲುತ್ತದೆ. ಆ ಬಳಿಕ ಪೊರೆ ಕಳಚಿದರೆ ಅದೇ ಕೋಶ. ಎಕ್ಕದ ಗಿಡದ ಪಟ್ಟೆಹುಳುವಿಗೆ ಈ ಸೊಂಟಪಟ್ಟಿಯಿಲ್ಲ. ಅದು ತಲೆಕೆಳಗಾಗಿ ತೂಗುತ್ತದೆ. ಕಣಗಿಲೆಯ ಹುಳುವಿನ ಕೋಶ ಬೆಳ್ಳಿಯ ಕನ್ನಡಿಯಂತೆ ಹೊಳೆಯುತ್ತದೆ. ನಿಂಬೆಚಿಟ್ಟೆ ಮೊಟ್ಟೆಯಿಂದ ರೆಕ್ಕೆಯವರೆಗೆ ಒಂದು ತಿಂಗಳೊಳಗೆ ಮುಗಿಸುವ ಈ ಚರಿತ್ರೆಯನ್ನು ಕೆಲವು ಜಾತಿಗಳು ಕೋಶದಲ್ಲಿಯೇ ಬೇಸಗೆಯನ್ನು ಕಳೆದು ಮಳೆಗಾಗಿ ಕಾಯುವುದರಿಂದ ತಿಂಗಳುಗಟ್ಟಲೆ ಎಳೆಯುತ್ತವೆ. ಕೋಶವನ್ನು ಸತ್ತಿತೆಂದು ಎಸೆಯುವ ಅವಸರದವನಿಗೆ ಈ ವಿದ್ಯೆ ಒಲಿಯದು.

ಇವೆಲ್ಲ ಸುಲಭವಾಗಿ ಸಿಕ್ಕುವ ಹುಳುಗಳು. ಸಿಕ್ಕದವುಗಳ ಕಥೆ ಇನ್ನೂ ಸ್ವಾರಸ್ಯವಾದುದು. ಬೂದುಕಂದು ಬಣ್ಣದ ಒಂದು ಪುಟ್ಟ ಚಿಟ್ಟೆಯ ಹುಳು ಎಲೆಯನ್ನೇ ತಿನ್ನುವುದಿಲ್ಲ. ಗಿಡಗಳಿಗೆ ಕಂಟಕವಾದ ಹಿಟ್ಟುತಿಗಣೆಗಳನ್ನು ತಿನ್ನುತ್ತದೆ, ಆ ತಿಗಣೆಗಳ ಬಿಳಿಯ ಹಿಟ್ಟನ್ನೇ ಮೈಗೆ ಪೂಸಿಕೊಂಡು ಅವುಗಳ ನಡುವೆ ಅಡಗುತ್ತದೆ. ಅದರ ಕೋಶವನ್ನು ನೋಡಿದರೆ ಕೋತಿಯ ಮುಖ ಕೆತ್ತಿಟ್ಟಂತಿದೆ: ಕಣ್ಣು, ಮೂಗು, ಬಾಯಿ ಎಲ್ಲವೂ. ಈ ಹುಳು ಮತ್ತು ಕೋಶವನ್ನು ಕುರಿತು ಐಟ್ಕೆನ್ 1894ರಲ್ಲಿ ಸಂಘದ ಪತ್ರಿಕೆಯಲ್ಲಿ ಬರೆದರು. ದಾಳಿಂಬೆಯ ಕಾಯನ್ನು ಕೊರೆದು ಒಳಗೆ ಬೆಳೆಯುವ ಇನ್ನೊಂದು ಹುಳು, ತಾನು ಕೊರೆದುದರಿಂದ ಕಾಯಿ ಉದುರೀತೆಂದು ಹೊರಬಂದು ಕಾಯಿಯ ತೊಟ್ಟನ್ನು ಕೊಂಬೆಗೆ ನೂಲಿನಿಂದ ಬಿಗಿದು ಮತ್ತೆ ಒಳಗೆ ಹೋಗುತ್ತದೆ. ನೀಲಿಚಿಟ್ಟೆಗಳ ಬಳಗದ ಹಲವು ಹುಳುಗಳ ಬೆನ್ನಿನ ಹಿಂಭಾಗದಲ್ಲಿ ಸಿಹಿರಸವನ್ನು ಒಸರುವ ಗ್ರಂಥಿಯಿದ್ದು, ಇರುವೆಗಳು ಆ ರಸಕ್ಕಾಗಿ ಹಸುವನ್ನು ಕಾಯುವಂತೆ ಹುಳುವನ್ನು ಕಾಯುತ್ತವೆ. ಹುಳು ಎಲೆಯ ಬಣ್ಣದ್ದು, ಕಣ್ಣಿಗೆ ಬೀಳದು. ಇರುವೆ ಕಪ್ಪು ಅಥವಾ ಕೆಂಪು, ಕೂಡಲೇ ಕಾಣುತ್ತದೆ. ಆದುದರಿಂದ ಹುಳುವನ್ನು ಹುಡುಕಬೇಕಾದವನು ಇರುವೆಯನ್ನು ಹುಡುಕುವುದು ಜಾಣತನ. ಎಲೆಯನ್ನು ಸುರುಳಿ ಸುತ್ತಿ ಅದರೊಳಗೆ ವಾಸಿಸುವ ಜಿಗಿಯುವ ಚಿಟ್ಟೆಗಳ ಹುಳುವಿಗೆ ಕತ್ತರಿಸಿದ ಎಲೆಯ ಆಕಾರವೇ ಗುರುತು.

ಈ ಹುಡುಕಾಟದಲ್ಲಿ ಆರಂಭದ ನ್ಯಾಯವನ್ನು ನೆನಪಿಗೆ ತರುವ ಪ್ರಸಂಗವೂ ಮತ್ತೆ ಮತ್ತೆ ಬರುತ್ತದೆ. ವಾರಗಟ್ಟಲೆ ಸೊಪ್ಪು ಹಾಕಿ ಸಾಕಿದ ಹುಳು ಕೋಶವಾಗುತ್ತದೆ, ಚಿಟ್ಟೆ ಬರುವ ದಿನ ಸಮೀಪಿಸುತ್ತದೆ. ಆ ದಿನ ಕೋಶದಿಂದ ಹೊರಬರುವುದು ಚಿಟ್ಟೆಯಲ್ಲ, ಸಣ್ಣ ಕಡಜಗಳ ಹಿಂಡು ಅಥವಾ ನೊಣ. ಹುಳು ಎಳೆಯದಾಗಿದ್ದಾಗಲೇ ಯಾವುದೋ ಪರೋಪಜೀವಿ ಅದರ ಮೈಯೊಳಗೆ ಮೊಟ್ಟೆಯಿಟ್ಟು ಹೋಗಿರುತ್ತದೆ. ಹುಳುಗಳನ್ನು ಸಾಕುವ ಪ್ರತಿಯೊಬ್ಬನಿಗೂ ಇದು ತಪ್ಪಿದ ನಷ್ಟವಲ್ಲ. ಆದರೆ ಒಂದೊಂದು ಚಿಟ್ಟೆ ಲೆಕ್ಕವಿಲ್ಲದಷ್ಟು ಮೊಟ್ಟೆಯಿಟ್ಟರೂ ಕಾಡೆಲ್ಲ ಕಂಬಳಿಹುಳುವಾಗದೆ ಮರಗಳು ಹಸುರಾಗಿ ಉಳಿದಿರುವುದೇಕೆ ಎಂಬ ಪ್ರಶ್ನೆಗೆ ಉತ್ತರದ ಒಂದು ಭಾಗ ಈ ನಷ್ಟದಲ್ಲಿಯೇ ಇದೆ.

1905 ಮತ್ತು 1907ರಲ್ಲಿ ಸರಕಾರದ ವತಿಯಿಂದ ಬಿಂಗ್ಹ್ಯಾಮ್ ಅವರ ಚಿಟ್ಟೆಗಳ ಎರಡು ಸಂಪುಟಗಳು ಹೊರಬಂದಾಗ, ಹುಳು ಮತ್ತು ಕೋಶಗಳ ವರ್ಣನೆಗೆ ಕಾರವಾರದ ಬರಹಗಳೇ ಮತ್ತೆ ಮತ್ತೆ ಆಧಾರವಾದುವು. ಅಷ್ಟರಲ್ಲಿ ಮೂವರ ಕೂಟ ಚೆದುರಿತ್ತು. ಐಟ್ಕೆನ್ 1909ರ ಏಪ್ರಿಲ್‌ನಲ್ಲಿ ಎಡಿನ್‌ಬರೋದಲ್ಲಿ ತೀರಿಕೊಂಡರು. ಅದೇ 1909ರಲ್ಲಿ ಬೆಲ್ ಅವರು ಭಾರತದ ಬಯಲುನಾಡಿನ ಸಾಮಾನ್ಯ ಚಿಟ್ಟೆಗಳನ್ನು ಕುರಿತ ಲೇಖನಮಾಲೆಯನ್ನು ಸಂಘದ ಪತ್ರಿಕೆಯಲ್ಲಿ ತಾವೊಬ್ಬರೇ ಮುಂದುವರಿಸಲು ಕೈಹಾಕಿದರು. ಇದು ಮುಗಿದುದು 1927ರಲ್ಲಿ. ಹದಿನೆಂಟು ವರ್ಷ! ಈ ಮಾಲೆಯಲ್ಲಿ ಚಿಟ್ಟೆಯ ರೆಕ್ಕೆಗೆ ಎಷ್ಟು ಜಾಗವೋ ಅದಕ್ಕೆ ಕಡಮೆಯಿಲ್ಲದಷ್ಟು ಜಾಗ ಮೊಟ್ಟೆಗೆ, ಹುಳುವಿಗೆ, ಕೋಶಕ್ಕೆ. ಹುಳು ಎಲೆಯ ಯಾವ ಮಗ್ಗುಲಲ್ಲಿ ಮಲಗುವುದು, ಹೇಗೆ ನಡೆಯುವುದು, ಮೇಯಲು ಯಾವಾಗ ಹೊರಡುವುದು, ಕೋಶದ ಉದ್ದ ಎಷ್ಟು ಮಿಲಿಮೀಟರು ಎಂಬುದೆಲ್ಲ ಅಲ್ಲಿದೆ. ಐಟ್ಕೆನ್ ಅವರ ಗದ್ಯದ ಲಾಲಿತ್ಯ ಬೆಲ್ ಅವರಲ್ಲಿಲ್ಲ. ವಾಕ್ಯಗಳು ಉದ್ದ, ವಿವರಗಳು ಒತ್ತೊತ್ತು, ಓದುವವನಿಗೆ ದಣಿವು. ಆದರೆ ಐಟ್ಕೆನ್ ಅವರನ್ನು ಓದಿ ಆನಂದಿಸಿದವನು ಹುಳುವೊಂದನ್ನು ಕೈಯಲ್ಲಿ ಹಿಡಿದು ಇದಾವುದೆಂದು ತಿಳಿಯಬೇಕಾದಾಗ ತೆರೆಯುವ ಪುಟಗಳು ಬೆಲ್ ಅವರವು.

ಇಲ್ಲಿ ಇನ್ನೊಂದು ಮಾತನ್ನು ಮರೆಮಾಚದೆ ಹೇಳುವುದು ನ್ಯಾಯ. ಬೆಲ್ ಅವರು ಅನ್ನ ಉಂಡುದು ಪರಕೀಯ ಸರಕಾರದ ಅರಣ್ಯ ಇಲಾಖೆಯಲ್ಲಿ. ಆ ಇಲಾಖೆಯ ಮುಖ್ಯ ಸಂರಕ್ಷಣಾಧಿಕಾರಿಯ ಪದವಿಯವರೆಗೂ ಏರಿದವರು ಅವರು. 1878ರ ಅರಣ್ಯ ಕಾನೂನು ಕಾಡನ್ನು ಸರಕಾರದ ಸೊತ್ತಾಗಿಸಿತು. ತಲೆತಲಾಂತರದಿಂದ ಸೊಪ್ಪು, ಸೌದೆ, ಮೇವುಗಳಿಗೆ ಕಾಡನ್ನೇ ನಂಬಿದ್ದ ಉತ್ತರ ಕನ್ನಡದ ಅಡಕೆ ತೋಟಿಗರಿಗೂ ಕುಮರಿ ಬೇಸಾಯಗಾರರಿಗೂ ಅದರಿಂದಾದ ಸಂಕಟ ಅಷ್ಟಿಷ್ಟಲ್ಲ. ಆ ಜಿಲ್ಲೆಯ ಜನ 1930ರಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ಹೂಡಿದರು, ಅಂಕೋಲೆ ಸಿದ್ದಾಪುರಗಳಲ್ಲಿ ಕರನಿರಾಕರಣೆ ನಡೆಸಿ ಹೊಲಮನೆಗಳನ್ನು ಕಳೆದುಕೊಂಡರು. ಉಪ್ಪಿನಷ್ಟೇ ಕಾಡೂ ಆ ಕಾಲದ ಅಸಮಾಧಾನಕ್ಕೆ ಕಾರಣವಾಗಿತ್ತು. ತೇಗವನ್ನು ಘನ ಅಡಿಗಳಲ್ಲಿ ಅಳೆಯುವ ಇಲಾಖೆಯ ಅಧಿಕಾರಿಯೇ ಆ ಮರದ ಎಲೆ ತಿನ್ನುವ ಹುಳುವನ್ನು ಮಿಲಿಮೀಟರುಗಳಲ್ಲಿ ಅಳೆದನೆಂಬುದು ವಿಚಿತ್ರವಾದರೂ ಸತ್ಯ. ಒಂದು ಮತ್ತೊಂದನ್ನು ಅಳಿಸಿಹಾಕುವುದಿಲ್ಲ. ಅಂತೆಯೇ, 1896ರ ಲೇಖನದ ಶಿರೋನಾಮೆಯಲ್ಲಿ ಮೂವರು ಅಧಿಕಾರಿಗಳ ಹೆಸರಿದೆ. ಅಂತಹ ಕಾಡಿನಲ್ಲಿ ಮುಂದೆ ನಡೆದು ದಾರಿ ಬಿಡಿಸಿದ, ಬಳ್ಳಿಗೂ ಮರಕ್ಕೂ ಊರ ಹೆಸರು ಹೇಳಬಲ್ಲ ಕಾಡಿನ ಜನರ ಹೆಸರು ಶಿರೋನಾಮೆಗೆ ಏರುವ ಕಾಲ ಅದಾಗಿರಲಿಲ್ಲ.

ಸೇವೆಯಿಂದ ನಿವೃತ್ತರಾದ ಆಂಗ್ಲ ಅಧಿಕಾರಿಗಳು ಹಡಗು ಹತ್ತಿ ಸ್ವದೇಶಕ್ಕೆ ಮರಳುವುದು ರೂಢಿ. ಬೆಲ್ ಅವರು ಮರಳಲಿಲ್ಲ. ಕಾರವಾರದಲ್ಲಿಯೇ ನೆಲೆನಿಂತರು. ಸಹೋದರಿ ಈವಾ ಅವರ ನೆರವಿನಿಂದ ಸಸ್ಯಗಳ ಸಂಗ್ರಹವನ್ನು ಬೆಳೆಸಿದರು. ಸಸ್ಯಶಾಸ್ತ್ರದಲ್ಲಿ ಅವರ ಜೊತೆಗಾರರಾಗಿದ್ದವರು ಎಲ್. ಜೆ. ಸೆಡ್ಜ್‌ವಿಕ್ ಎಂಬ ಸಿವಿಲ್ ಅಧಿಕಾರಿ. ಇವರಿಬ್ಬರೂ 1919ರಲ್ಲಿ ಗೇರುಸೊಪ್ಪೆಯ ಜಲಪಾತದ, ಎಂದರೆ ಜೋಗದ, ತುಂತುರು ಬೀಳುವ ಬಂಡೆಗಳಲ್ಲಿ ಒಂದು ಸಣ್ಣ ಹುಲ್ಲನ್ನು ಸಂಗ್ರಹಿಸಿದರು. ಅದು ಶಾಸ್ತ್ರಕ್ಕೆ ಹೊಸ ಜಾತಿಯೆಂದು ನಿರ್ಣಯವಾಗಿ ಹಬ್ಬಾರ್ಡಿಯಾ ಎಂದು ಹೆಸರು ಪಡೆಯುವ ಹೊತ್ತಿಗೆ ಇಬ್ಬರೂ ಕಾಲವಾಗಿದ್ದರು. ಜೋಗದಲ್ಲಿ ಮತ್ತೆ ಎಷ್ಟು ಹುಡುಕಿದರೂ ದೊರೆಯದೆ ನಾಶವಾಯಿತೆಂದೇ ಬಗೆದಿದ್ದ ಆ ಹುಲ್ಲು ಬಹುಕಾಲದ ಮೇಲೆ ಮಹಾರಾಷ್ಟ್ರದ ತಿಲ್ಲಾರಿಯ ಕಣಿವೆಯಲ್ಲಿ ಪತ್ತೆಯಾಯಿತು. ಹುಳುವಿಗೆ ಸೊಪ್ಪು ಹುಡುಕುತ್ತ ಸಸ್ಯಗಳನ್ನು ಕಲಿತವರಿಗೆ ಸಂದ ಈ ಫಲ ಅನಿರೀಕ್ಷಿತವಾದುದು.

ಚಿಟ್ಟೆಗಳ ಮಾಲೆ ಮುಗಿದಾಗ ಬೆಲ್ ಅವರಿಗೆ 64 ವರ್ಷ. ಅಷ್ಟಕ್ಕೆ ವಿಶ್ರಮಿಸಬಹುದಾಗಿತ್ತು. ಅವರು ರಾತ್ರಿ ಹಾರುವ ಗಿಡುಗ ಪತಂಗಗಳಿಗೆ ತೊಡಗಿದರು. ಹಗಲಿನ ಚಿಟ್ಟೆಗಳಿಗಿಂತ ಇವುಗಳ ಸಾಕಣೆ ಪ್ರಯಾಸದ್ದು. ಬೆರಳುಗಾತ್ರದ, ಬಾಲದಲ್ಲಿ ಕೊಂಬುಳ್ಳ ಇವುಗಳ ಹುಳು ಒಂದು ರಾತ್ರಿಯಲ್ಲಿ ಕೊಂಬೆಯನ್ನೇ ಬೋಳಾಗಿಸಬಲ್ಲುದು. ಬಹುಪಾಲು ಜಾತಿಗಳು ಕೋಶವಾಗಲು ಮಣ್ಣಿನೊಳಗೆ ಅಥವಾ ತರಗೆಲೆಯ ಕೆಳಗೆ ಇಳಿಯುವುದರಿಂದ ಅವಕ್ಕೆ ಮಣ್ಣಿನ ಹಾಸನ್ನೂ ಒದಗಿಸಬೇಕು. ಕಣಗಿಲೆ ಮತ್ತು ನಂದಿಬಟ್ಟಲುಗಳನ್ನು ಮೇಯುವ ಹಸುರು ಪತಂಗ, ಎಳ್ಳಿನ ಹೊಲದಲ್ಲಿ ಬೆಳೆದು ಬೆನ್ನ ಮೇಲೆ ತಲೆಬುರುಡೆಯ ಗುರುತು ಹೊತ್ತು, ಹಿಡಿದರೆ ಕೀಚಲು ದನಿ ಮಾಡುವ ಪತಂಗ ಇವೆಲ್ಲ ಈ ಬಳಗದವೇ. ಅಸ್ಸಾಮಿನ ಕಡೆಯ ಜಾತಿಗಳನ್ನು ಬಲ್ಲ ಮೇಜರ್ ಎಫ್. ಬಿ. ಸ್ಕಾಟ್ ಅವರೊಡನೆ ಸೇರಿ ರಚಿಸಿದ ಗ್ರಂಥ 1937ರಲ್ಲಿ ಬ್ರಿಟಿಷ್ ಇಂಡಿಯಾದ ಪ್ರಾಣಿಸಂಪತ್ತಿನ ಮಾಲೆಯಲ್ಲಿ ಪತಂಗಗಳ ಐದನೆಯ ಸಂಪುಟವಾಗಿ ಪ್ರಕಟವಾಯಿತು. ಒಬ್ಬರು ಅರಬ್ಬಿ ಸಮುದ್ರದ ದಡದಲ್ಲಿ, ಇನ್ನೊಬ್ಬರು ಈಶಾನ್ಯದ ಬೆಟ್ಟಗಳಲ್ಲಿ. ನಡುವೆ ಅಂಚೆಯೊಂದೇ ಸೇತುವೆ. ಗ್ರಂಥ ಹೊರಬಂದಾಗ ಬೆಲ್ ಅವರಿಗೆ 74 ವರ್ಷ. ಪತಂಗಗಳ ಬಾಲ್ಯವನ್ನು ಇಷ್ಟು ವಿಸ್ತಾರವಾಗಿ ಹೇಳಿದ ಗ್ರಂಥ ಆ ಮಾಲೆಯಲ್ಲಿ ವಿರಳ.

ಈ ಬರಹಗಳ ಬೆಲೆ ಅವರ ಕಾಲಕ್ಕಿಂತ ಅನಂತರದಲ್ಲಿಯೇ ಹೆಚ್ಚು ತಿಳಿದುಬಂದಿತು. 1957ರಲ್ಲಿ ವಿಂಟರ್ ಬ್ಲೈತ್ ಅವರು ಭಾರತದ ಚಿಟ್ಟೆಗಳ ಕೈಪಿಡಿ ಬರೆದಾಗಲೂ, 2018ರಲ್ಲಿ ಪಶ್ಚಿಮಘಟ್ಟಗಳ 300ಕ್ಕೂ ಹೆಚ್ಚು ಚಿಟ್ಟೆಗಳ ಆಹಾರಸಸ್ಯಗಳ ಪಟ್ಟಿಯನ್ನು ವಿಜ್ಞಾನಿಗಳು ಪ್ರಕಟಿಸಿದಾಗಲೂ ಬೆಲ್ ಅವರನ್ನು ಬಿಟ್ಟು ಮುಂದೆ ಹೋಗಲಾಗಲಿಲ್ಲ. ಕರ್ನಾಟಕದ ರಾಜ್ಯಚಿಟ್ಟೆಯೆಂಬ ಗೌರವ ಪಡೆದ ಕಪ್ಪು ಹಳದಿಯ ದೊಡ್ಡ ಚಿಟ್ಟೆ ಉಳಿಯಬೇಕಾದರೆ ಈಶ್ವರಿ ಬಳ್ಳಿ ಉಳಿಯಬೇಕು. ಏಕೆಂದರೆ ಅದರ ಹುಳುವಿಗೆ ಆ ಬಳ್ಳಿಯ ಕುಲವನ್ನು ಬಿಟ್ಟರೆ ಬೇರೆ ಮೇವಿಲ್ಲ. ಚಿಟ್ಟೆಯನ್ನು ಕಾಪಾಡುವುದೆಂದರೆ ಹುಳುವಿನ ಸೊಪ್ಪನ್ನು ಕಾಪಾಡುವುದು ಎಂಬ ಈ ಸರಳ ಲೆಕ್ಕಕ್ಕೆ ಬೇಕಾದ ಅಂಕಿಗಳನ್ನು ಹಾಕಿಕೊಟ್ಟವರು ಕಾರವಾರದವರು. ಬೆಲ್ ಅವರು ಓಡಾಡಿದ ಕಾಳೀ ಕಣಿವೆ ಈಗ ಅಂದಿನಂತಿಲ್ಲ. 1980ರ ದಶಕದಲ್ಲಿ ಹಳೆಯ ಸೂಪಾ ಪಟ್ಟಣವೇ ಅಣೆಕಟ್ಟಿನ ನೀರಿನಡಿ ಸೇರಿತು. ಕದ್ರಾ, ಕೊಡಸಳ್ಳಿಗಳಲ್ಲಿಯೂ ನೀರು ನಿಂತಿತು. 2000ದಲ್ಲಿ ಕೈಗಾದ ಅಣುವಿದ್ಯುತ್ ಸ್ಥಾವರ ಕೆಲಸ ಮಾಡತೊಡಗಿತು. ಮುಳುಗುವ ಮುನ್ನ ಆ ಕಣಿವೆಗಳಲ್ಲಿ ಯಾವ ಚಿಟ್ಟೆ ಯಾವ ಮರದ ಮೇಲೆ ಮೊಟ್ಟೆಯಿಡುತ್ತಿತ್ತು ಎಂದು ತಿಳಿಯಬಯಸುವವನು ತೆರೆಯಬೇಕಾದುದು 1896ರ ಆ ಪುಟಗಳನ್ನು.

ಡೇವಿಡ್‌ಸನ್ 1925ರಲ್ಲಿ ತೀರಿಕೊಂಡಿದ್ದರು. ಸೆಡ್ಜ್‌ವಿಕ್ ಅವರೂ ಅದೇ ವರ್ಷ ಗತಿಸಿದ್ದರು. ಬೆಲ್ ಅವರು ಎರಡನೆಯ ಮಹಾಯುದ್ಧವನ್ನೂ ಕಂಡರು, 1947ರ ಆಗಸ್ಟಿನಲ್ಲಿ ತಾವು ಸೇವೆ ಸಲ್ಲಿಸಿದ ಸರಕಾರ ನಿರ್ಗಮಿಸಿದುದನ್ನೂ ಕಂಡರು. ಆಗಲೂ ಕಾರವಾರವನ್ನು ಬಿಡಲಿಲ್ಲ. 1948ರ ಜೂನ್ 24ರಂದು, ಮುಂಗಾರು ಮಳೆ ಹಿಡಿದು ಕಾಡಿನ ಹುಳುಗಳೆಲ್ಲ ಹೊಸ ಚಿಗುರಿಗೆ ಬಾಯಿ ಹಚ್ಚುವ ಕಾಲದಲ್ಲಿ, ತಮ್ಮ 85ನೆಯ ವಯಸ್ಸಿನಲ್ಲಿ ಅಲ್ಲಿಯೇ ದೇಹವನ್ನು ಬಿಟ್ಟರು.